ಹುಣಸೆಹಣ್ಣಿಗೆ ಬಿಟ್ಟ ಕಿಲುಬು

2025 ಫೆಬ್ರವರಿ 2, ಭಾನುವಾರ. ಬೆಳಿಗ್ಗೆ

ನಲ್ಲಿ ಬಂತು. ಡ್ರಮ್ಮು ತುಂಬಿಸಿದೆ. ಬಿಪಿ ಮಾತ್ರೆ ನುಂಗಿದೆ. ನನ್ನಾಕೆ ವಿರುಪಮ್ಮ ರೊಟ್ಟಿ ಬಡಿಯುತ್ತಿದ್ದಳು. ಎಂದಿನ ಹಾಗೆ ಕಿಟಕಿ ಹತ್ತಿರ ಕುರ್ಚಿ ಎಳೆದುಕೊಂಡು ಕಾರ್ಡು ತೆಗೆದೆ. ‘ಚಿರಂಜೀವಿ ತಮ್ಮ ಪರಶುರಾಮನಿಗೆ, ಹೊಸಪೇಟೆಯಿಂದ ನಿನ್ನ ಅಣ್ಣ ಓಬಳಪ್ಪ ಮಾಡುವ ಆಶೀರ್ವಾದಗಳು. ಇತ್ತ ಕಡೆ ಎಲ್ಲರೂ ಕ್ಷೇಮ.’ ಇಷ್ಟು ಬರೆದ ಮೇಲೆ ಗೊತ್ತಾಯಿತು.

ಕೈ ತನ್ನ ಪಾಡಿಗೆ ತಾನು ಬರೆದಿತ್ತು. ಭಾನುವಾರ ಅಂದರೆ ಕಂಪ್ಲಿಗೆ ಕಾರ್ಡು. ಮನೆಮನೆಗೆ ಫೋನು ಬಂದರೂ ಬಿಟ್ಟಿರಲಿಲ್ಲ. ಫೋನಿನಲ್ಲಿ ಜಗಳಕ್ಕೆ ರುಚಿ ಇರುವುದಿಲ್ಲ, ಬರೆದು ಕಳಿಸು ಎನ್ನುತ್ತಿದ್ದ ತಮ್ಮ. ಅವನೂ ಬರೆಯುತ್ತಿದ್ದ — ಸೊಟ್ಟ ಅಕ್ಷರ, ಕಾರ್ಡಿನ ತುಂಬ ಗಿರಣಿ ಎಣ್ಣೆಯ ಹೆಬ್ಬೆಟ್ಟು.

ಹೋದ ವಾರಕ್ಕೂ ಹಿಂದಿನ ಶುಕ್ರವಾರ ಎದೆ ಹಿಡಿದುಕೊಂಡನಂತೆ. ಆಟೋಕ್ಕೆ ಹತ್ತಿಸುವಷ್ಟರಲ್ಲಿ ಆಗಿತ್ತು. ಹೋದೆ. ಮಣ್ಣು ಹಾಕಿದೆ. ಬಂದೆ.

ಕಾರ್ಡು ಹರಿಯಲಿಲ್ಲ, ಎತ್ತಿಡಲೂ ಇಲ್ಲ. ಹಿಡಿದುಕೊಂಡು ಕೂತೆ. ವಿರುಪಮ್ಮ ನೋಡಿದಳು. ಒಳಗೆ ಹೋಗಿ ಮೊಮ್ಮಗಳ ಹಳೆಯ ನೋಟ್‌ಬುಕ್ಕು ತಂದು ತೊಡೆಯ ಮೇಲೆ ಇಟ್ಟಳು.

“ಬರೀದಿದ್ರ ನಿಮಗ ಊಟ ಇಳಿಯಂಗಿಲ್ಲ. ಇದರಾಗ ಬರೀರಿ. ಅರ್ಧ ಹಾಳಿ ಖಾಲಿ ಅದಾವು.”

ಬರೆಯುತ್ತಿದ್ದೇನೆ. ಅಳು ಬಂದಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಕೊಟ್ಟ ದವಡೆ ಇರುತ್ತದಲ್ಲ — ಇದೆ, ಮುಟ್ಟಿದರೆ ಸಿಗುತ್ತದೆ, ನನ್ನದಲ್ಲ. ಹಾಗೆ.

ನಾಳೆ ಕಂಪ್ಲಿಯಲ್ಲಿ ತಮ್ಮನ ದಿವಸ. ಬೆಳಗಿನ ಬಸ್ಸು.

ಫೆಬ್ರವರಿ 3, ಸೋಮವಾರ. ಸಂಜೆ

ಬಸ್ಸು ಕಮಲಾಪುರದಲ್ಲಿ ಬಾಳೆಗೊನೆ ಹತ್ತಿಸಿಕೊಳ್ಳುತ್ತ ನಿಂತಿತು. ನಾವು ಮುಟ್ಟುವಷ್ಟರಲ್ಲಿ ಎಡೆ ಇಟ್ಟಾಗಿತ್ತು. ರೊಟ್ಟಿ, ಮುಳಗಾಯಿ ಪಲ್ಯ, ಕೋಳಿ ಸಾರು, ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ. ಗೋಡೆಗೆ ಒರಗಿಸಿದ ಫೋಟೊ. ಹೂವಿನ ಹಾರದ ಮೇಲೆ ಇನ್ನೊಂದು ಹಾರ. ಹಳದಿ. ಬಾಗಿಲ ಬಿಸಿಲು ಬಿದ್ದು ಥಳಥಳ ಅನ್ನುತ್ತಿತ್ತು. ಇವರ ಮನೆಯಲ್ಲಿ ಇಷ್ಟು ಬಂಗಾರ ಎಲ್ಲಿಂದ ಬಂತು ಅಂದುಕೊಂಡೆ.

ಹತ್ತಿರ ಹೋದೆ. ನಾಣ್ಯಗಳು. ನಮ್ಮ ಚೌಕ ತೂತಿನ ನಾಣ್ಯಗಳು.

ನನ್ನ ನಾದಿನಿ, ಪರಶುರಾಮನ ಹೆಂಡತಿ ಹೊಳೆಮ್ಮ, ಅವನ ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಅಷ್ಟನ್ನೂ ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿದ್ದಾಳೆ. ತೂತಿನಲ್ಲಿ ದಾರ ಪೋಣಿಸಿ ಹಾರ ಮಾಡಿದ್ದಾಳೆ. ದಿವಸಕ್ಕೆ ಮುಂಚೆ ಮನೆಯ ತಾಮ್ರ ಹಿತ್ತಾಳೆಯೆಲ್ಲ ಹುಣಸೆಹಣ್ಣು ಕಾಣಲೇಬೇಕು, ಸೂತಕ ಹೋಗಬೇಕಲ್ಲ. ಕೊಡ, ಚೆಂಬು, ದೀಪ ಆದ ಮೇಲೆ ಇವು ಕಂಡಿವೆ. ಅವನಿಗೆ ಎಲ್ಲಕ್ಕಿಂತ ಇಷ್ಟವಾದ ಸಾಮಾನು.

“ಚಂದ ಕಾಣತಾವಲ್ರಿ ಬಾವಾರ? ಭಾಳ ಹೊಲಸಾಗಿದ್ವು. ಎರಡು ದಿನ ಹಿಡೀತು.”

ಚಂದ ಕಾಣತಾವವ್ವ ಎಂದೆ.

ಈ ನಾಣ್ಯ ಟಂಕಿಸಿದ್ದಲ್ಲ. ಚೀನಾದವರೂ ವಿಯೆಟ್ನಾಮಿನವರೂ ಕಂಚು ಕರಗಿಸಿ ಅಚ್ಚಿಗೆ ಸುರಿದು ಎರಕ ಹೊಯ್ಯುತ್ತಿದ್ದರು. ನೂರಾರು ವರ್ಷ ಮಣ್ಣಲ್ಲಿ, ಮಡಕೆಯಲ್ಲಿ, ಜನರ ಬೆವರಲ್ಲಿ ಇದ್ದು ಮೇಲೆ ಕಿಲುಬು ಕೂರುತ್ತದೆ. ಹಸಿರು, ಅದರಡಿ ಕೆಂಪು, ಅದರಡಿ ಕಪ್ಪು. ನಾಣ್ಯಕ್ಕೆ ಕಿಲುಬೇ ಜಾತಕ. ಅದು ಹೋದರೆ ತಿಳಿದವರು ಕೈಯಲ್ಲಿ ಹಿಡಿಯುವುದಿಲ್ಲ. ಇದನ್ನು ಅವಳಿಗೆ ಯಾವ ಬಾಯಲ್ಲಿ ಹೇಳಲಿ. ಊಟ ಮಾಡಿದೆ. ಎರಡು ಸಲ ಸಾರು ಹಾಕಿಸಿಕೊಂಡೆ.

ಪ್ರವೀಣ ಬಂದಿದ್ದ. ಕಂಪ್ಲಿಯ ಹುಡುಗನೇ, ಈಗ ಹೊಸಪೇಟೆಯ ಕಾಲೇಜಿನಲ್ಲಿ ಹಿಸ್ಟರಿ ಲೆಕ್ಚರರ್. ತಮ್ಮನ ಡಬ್ಬಿ ನೋಡಲು ಆಗಾಗ ಬರುತ್ತಿದ್ದನಂತೆ. ಕಾಲೇಜಿನಲ್ಲಿ ಒಂದು ರೂಮನ್ನು ಮ್ಯೂಸಿಯಂ ಮಾಡುತ್ತಿದ್ದಾರೆ, ಗಾಜಿನ ಕಪಾಟಿದೆ, ಇವನ್ನು ಕೊಟ್ಟರೆ ಕೆಳಗೆ ಪರಶುರಾಮಣ್ಣನ ಹೆಸರು ಹಾಕಿಸುತ್ತೇನೆ ಎಂದ. ಆದರೆ ಹಾರದಲ್ಲಿ ಒಂದನ್ನು ಬಿಟ್ಟರೆ ಉಳಿದವು ಎಲ್ಲ ಕಡೆ ಸಿಗುವ ಜಾತಿಯವು, ಇವಿಷ್ಟಕ್ಕೇ ಪ್ರಿನ್ಸಿಪಾಲರು ಕಪಾಟು ಕೊಡುವುದಿಲ್ಲ. ನಡುವೆ ಪದಕದ ಹಾಗೆ ತೂಗುತ್ತಿದ್ದ ಆ ಒಂದನ್ನು ತೋರಿಸಿದ. “ಇದು ಅಸಲಿ ಅಂತ ನೀವು ಒಂದು ಹಾಳಿ ಬರದು ಸಹಿ ಮಾಡಿಕೊಡ್ರಿ ಸರ. ಈ ಭಾಗದಾಗ ನಿಮ್ಮನ್ನ ಬಿಟ್ರ ಇದನ್ನ ಬಲ್ಲವರಿಲ್ಲ.”

ಹೊಳೆಮ್ಮ ಕೇಳಿಸಿಕೊಂಡಳು. ಹೆಸರು ಅಕ್ಷರದಲ್ಲಿ ಇರುತ್ತದೆಯೇ ಎಂದು ಎರಡು ಸಲ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, “ರೇಷನ್ ಕಾರ್ಡು ಬಿಟ್ರ ಅವರ ಹೆಸರು ಎಲ್ಲೂ ಬರದಿಲ್ರಿ ಬಾವಾರ. ಅದರಾಗೂ ನನ್ನ ಹೆಸರಽ ಮ್ಯಾಲೈತಿ,” ಎಂದಳು.

ಆಗಲವ್ವ ಎಂದೆ.

ಫೆಬ್ರವರಿ 6, ಗುರುವಾರ

ನಾಣ್ಯಗಳನ್ನು ಹೊಸಪೇಟೆಗೆ ತಂದಿದ್ದೇನೆ. ದಾರ ಬಿಚ್ಚಿಲ್ಲ. ಹಾರದ ಸಮೇತ ಡಬ್ಬಿಯಲ್ಲಿ.

ಇದೆಲ್ಲ ಶುರುವಾದದ್ದು ಗಾಳೆಪ್ಪನಿಂದ. ಹಂಪಿಯಲ್ಲಿ ಗೆಸ್ಟ್‌ಹೌಸ್ ಇಟ್ಟಿದ್ದ ದೋಸ್ತ. ಫಾರಿನ್ನವರು ಬಿಟ್ಟು ಹೋದ ಸರ, ಬಳೆ, ಕಾಸು ಏನಿದ್ದರೂ ಎತ್ತಿಟ್ಟು, ತೂತಿನ ಕಾಸಿದ್ದರೆ ನನಗೆ ಕೊಡುತ್ತಿದ್ದ. ನಾನಾಗ ಸಂಡೂರಿನ ಗಣಿಯಲ್ಲಿ ವೇಬ್ರಿಡ್ಜ್ ಕ್ಲರ್ಕು. ದಿನವಿಡೀ ಅದಿರಿನ ಲಾರಿ ತೂಕ ಬರೆದು ಬರೆದು ಕಣ್ಣ ತುಂಬ ಕೆಂಪು ಧೂಳು. ಅಂಗೈಯಲ್ಲಿ ಹಿಡಿಯುವ, ಗುಂಜಿ ತೂಕದ್ದು ಏನಾದರೂ ಬೇಕಿತ್ತೋ ಏನೋ. ಇಂಟರ್ನೆಟ್ ಅಂಗಡಿಯಲ್ಲಿ ಕೂತು ಚಾರ್ಟು ಪ್ರಿಂಟ್ ತೆಗೆಸಿದೆ. ಭಾಷೆ ಕಲಿಯಲಿಲ್ಲ, ಅಕ್ಷರದ ಮುಖ ಕಲಿತೆ. ತಮ್ಮನಿಗೂ ಹತ್ತಿತು. ಅವನಿಗೆ ಚಾರ್ಟು ಬೇಕಿರಲಿಲ್ಲ, ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಿದ್ದ. ಒಂದನ್ನು ಬಿಟ್ಟು ಸಿಕ್ಕಿದ್ದನ್ನೆಲ್ಲ ಅವನ ಡಬ್ಬಿಗೇ ಹಾಕಿದೆ.

ನಡುವಿನದು — ಅದನ್ನು ನಾನೇ ತಂದದ್ದು. ಗಾಳೆಪ್ಪನ ಅತಿಥಿಯೊಬ್ಬ ತೋರಿಸಿದ. ಮೇಲೆ, ಕಾಲು ಅಗಲಿಸಿ ನಿಂತ ಮನುಷ್ಯನಂಥ ಅಕ್ಷರ, ಕಾಲಸಂದಿಯಲ್ಲಿ ಚುಕ್ಕೆ. ಕೆಳಗೆ ತಕ್ಕಡಿಯಂಥದ್ದು. ತಿರುಗಿಸಿದರೆ ಬೆನ್ನಿಗೆ ಒಂದೇ ಅಕ್ಷರ, ಮೊಳೆಯ ಹಾಗೆ. ದಿನ್ ಮನೆತನದ್ದು. ವಿಯೆಟ್ನಾಮಿನವರು ತಮ್ಮದೇ ಅಂತ ಹೊಯ್ದ ಮೊದಲ ನಾಣ್ಯ, ಸಾವಿರ ವರ್ಷದ್ದು. ಆ ಅತಿಥಿಗೆ ನನ್ನ ರೇಡಿಯೋ ಮೇಲೆ ಕಣ್ಣು. ಕೊಟ್ಟೆ. ವಿರುಪಮ್ಮ ತಿಂಗಳು ಮಾತಾಡಲಿಲ್ಲ.

ತಮ್ಮ ಒಂದು ಸಲ ತಿರುಗಿಸಿ ನೋಡಿದ. ಡಬ್ಬಿಗೆ ಹಾಕಿದ.

“ಇದು ಸುಳ್ಳೈತಣ್ಣ.”

ಹೆಂಗೋ ಎಂದೆ.

“ಉಳಿದವು ಸುಮ್ಮಗ ಕುಂತಾವು ನೋಡು. ಇದು ನಾಟಕ ಮಾಡಾಕತ್ತೈತಿ. ಎಲ್ಲಾ ಕಡಿ ಒಂದಽ ಸಮ ಹಸರು. ಇದೇನು ಕಾಸೋ, ಗದ್ದೀನೋ?”

ಆವತ್ತಿನಿಂದ ಕಾರ್ಡಿನ ಮೇಲೆ ಕಾರ್ಡು. ನಾನು ಅಳತೆ ಬರೆದರೆ ಅವನು ಗದ್ದೆ ನಾಟಿ ಹೆಂಗೈತಿ ಎಂದು ಬರೆಯುತ್ತಿದ್ದ. ಎರಡು ವರ್ಷದ ಹಿಂದೆ ಈ ವಾದ ನಿಲ್ಲಿಸಿದ. ‘ಅಸಲಿ ಇದ್ದರೂ ಇರಬಹುದು ಬಿಡಣ್ಣ’ ಎಂದು ಬರೆದ. ಆ ಕಾರ್ಡನ್ನು ವಿರುಪಮ್ಮನಿಗೆ ಓದಿ ತೋರಿಸಿದೆ. ಕಡೆಗೂ ಗೆದ್ದೆ ಅಂದುಕೊಂಡೆ.

ಫೆಬ್ರವರಿ 7, ಶುಕ್ರವಾರ

ದಾರ ಬಿಚ್ಚಿದೆ. ಬಿಳಿ ಟವೆಲ್ಲು ಹಾಸಿ ಒಂದೊಂದೇ ಇಟ್ಟೆ. ಲೆನ್ಸು ಹಿಡಿದೆ.

ಹೊಳೆಮ್ಮನ ಕೈ ಬಿರುಸು. ಮೇಲ್ಮೈ ಎಲ್ಲ ಬೆಳಗಿದೆ. ಆದರೆ ಚೀನಾದ ಹಳೆಯವುಗಳಲ್ಲಿ ಅಕ್ಷರದ ಸಂದಿ, ಅಂಚಿನ ಬುಡ, ಅಲ್ಲೆಲ್ಲ ಕೆಂಪು ಉಳಿದಿದೆ. ಕುಂಕುಮ ತೊಳೆದರೂ ಹಣೆಯ ಗೆರೆಯಲ್ಲಿ ಉಳಿಯುತ್ತದಲ್ಲ, ಹಾಗೆ. ಅಲ್ಲಿಗೆ ಬೆರಳೂ ಹೋಗಿಲ್ಲ, ಹುಳಿಯೂ ಹೋಗಿಲ್ಲ. ಅಂಚಿನಲ್ಲಿ ಅರದ ಗೀರು — ಎರಕದ ಮೇಲೆ ಕೋಲಿಗೆ ಪೋಣಿಸಿ ಸಾಲಾಗಿ ಅರ ಹಾಕುತ್ತಿದ್ದರು. ಗೀರು ಸವೆದು ನುಣುಪಾಗಿದೆ. ಒಂದೆರಡರ ಚೌಕ ತೂತು ಸೊಟ್ಟ. ಹಳೆಯವೇ. ಹಾಳಾಗಿವೆ, ಆದರೆ ಹಳೆಯವೇ.

ನಡುವಿನದನ್ನು ನೋಡಲಿಲ್ಲ. ಬೋರಲು ಹಾಕಿ ಟವೆಲ್ಲಿನ ಮೂಲೆಗೆ ಇಟ್ಟೆ. ಕಣ್ಣು ನೋಯುತ್ತಿತ್ತು.

ವಿರುಪಮ್ಮ ಟೀ ತಂದಳು. ಸತ್ತವನ ಮುಖ ನೋಡಾಕ ಇಷ್ಟ್ ಹೊತ್ತು ಕುಂತಿರಲಿಲ್ಲ ನೀವು ಎಂದಳು. ನಿಜ. ಮಣ್ಣು ಹಾಕುವ ದಿನ ದೂರ ನಿಂತಿದ್ದೆ.

ಫೆಬ್ರವರಿ 9, ಭಾನುವಾರ

ನಲ್ಲಿ ಬಂತು. ಏನೂ ಇಲ್ಲ.

ಫೆಬ್ರವರಿ 21, ಶುಕ್ರವಾರ

ನಡುವೆ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಪಿಂಚಣಿ ಕೆಲಸಕ್ಕೆ ಬ್ಯಾಂಕಿಗೆ ಹೋದೆ. ಚಪ್ಪಲಿ ಹೊಲಿಸಿದೆ.

ಇವತ್ತು ಪ್ರವೀಣ ಫೋನು ಮಾಡಿದ. ಯುಗಾದಿಯ ಹೊತ್ತಿಗೆ ರೂಮು ತೆರೆಯುತ್ತಾರಂತೆ. ಅವನು ಇಟ್ಟ ಮೇಲೆ ಹೊಳೆಮ್ಮ. ಓಣಿಯವರಿಗೆಲ್ಲ ಹೇಳಿದ್ದಾಳಂತೆ. ಬಸಕ್ಕನ ಮಗ ಓಪನಿಂಗ್ ದಿನ ಟೆಂಪೋ ತರುತ್ತಾನಂತೆ, ಎಲ್ಲರೂ ಬರುತ್ತಾರಂತೆ. ಗಾಜಿನ ಮೇಲೆ ಹೆಸರು ಎಷ್ಟು ದೊಡ್ಡದಾಗಿ ಬರೆಯುತ್ತಾರೆ ಬಾವಾರ, ದೂರಿಂದ ಕಾಣತೈತಾ ಎಂದು ಕೇಳಿದಳು. ಬೆರಳುದ್ದ ಇರಬಹುದು ಎಂದೆ. ಸಾಕು ಎಂದಳು.

ಫೋನು ಇಟ್ಟು ಟವೆಲ್ಲು ಹಾಸಿದೆ. ನಡುವಿನದನ್ನು ತಿರುಗಿಸಿದೆ.

ಸಂದಿಯಲ್ಲಿ ಏನೂ ಇಲ್ಲ. ಕಾಲು ಅಗಲಿಸಿ ನಿಂತ ಮನುಷ್ಯನ ಕಾಲಸಂದಿಯಲ್ಲಿ ಇಲ್ಲ, ತಕ್ಕಡಿಯ ಕೆಳಗೆ ಇಲ್ಲ, ಮೊಳೆಯ ಬುಡದಲ್ಲಿ ಇಲ್ಲ. ಎಲ್ಲ ಕಡೆ ಒಂದೇ ಹಳದಿ. ಸಂತೆಯಲ್ಲಿ ನಿನ್ನೆ ಕೊಂಡ ಚೆಂಬಿನ ಹಾಗೆ. ಅಲ್ಲಲ್ಲಿ ಸೂಜಿಮೊನೆಯಷ್ಟು ದುಂಡನೆ ಗುಳಿ, ಗಾಳಿಗುಳ್ಳೆ ಒಡೆದದ್ದು. ಹಸಿರು ಒಂದು ಸುತ್ತಿಗೇ ಬಿಟ್ಟಿದೆ, ಬಣ್ಣ ಬಿಟ್ಟ ಹಾಗೆ.

ನೋಡಿದೆ. ಎತ್ತಿಟ್ಟೆ. ಮೊಸರನ್ನ ತಿಂದೆ.

ಫೆಬ್ರವರಿ 22, ಶನಿವಾರ

ಹುಣಸೆಹಣ್ಣೇ ಎಲ್ಲ ತಿಂದಿರಬಹುದಲ್ಲ? ನಡುವಿನದು ಅಂತ ಹೊಳೆಮ್ಮ ಅದನ್ನೇ ಹೆಚ್ಚು ತಿಕ್ಕಿರಬಹುದಲ್ಲ?

ನನ್ನ ಹತ್ತಿರ ಒಂದು ಉಳಿದಿತ್ತು. ಚೀನಾದ ಹಳೆ ಕಾಸು, ತೊಳೆಯದ್ದು, ಕಿಲುಬಿನ ಸಮೇತ. ಅಸಲಿ ಎಂದು ತಮ್ಮನೂ ಒಪ್ಪಿದ್ದು. ಅದನ್ನು ತೆಗೆದುಕೊಂಡು ಬಚ್ಚಲ ಕಟ್ಟೆಯ ಮೇಲೆ ಕೂತೆ. ಹುಣಸೆಹಣ್ಣು ನೆನೆಸಿದೆ, ಒಲೆ ಬೂದಿ ಈಗೆಲ್ಲಿ — ಪಾತ್ರೆ ತಿಕ್ಕುವ ಪುಡಿ, ತೆಂಗಿನ ನಾರು. ತಿಕ್ಕಿದೆ. ಹೊಳೆಮ್ಮ ತಿಕ್ಕಿದ್ದಕ್ಕಿಂತ ಜಾಸ್ತಿಯೇ ತಿಕ್ಕಿದೆ. ಹಾಳು ಮಾಡುತ್ತಿದ್ದೇನೆ ಎಂದು ಗೊತ್ತಿತ್ತು.

“ಲಗ್ನ ಆದಾಗಿಂದ ಒಂದು ಚೆಂಬು ತಿಕ್ಕಿದವರಲ್ಲ,” ವಿರುಪಮ್ಮ ಬಾಗಿಲಲ್ಲಿ ನಿಂತಿದ್ದಳು. “ಮಸ್ತ್ ಆತು ಬಿಡ್ರಿ, ನಾಳಿಂದ ಕೊಡಾನೂ ನಿಮ್ಮವಽ.”

ತೊಳೆದು ಒರೆಸಿ ಲೆನ್ಸು ಹಿಡಿದೆ. ಮೇಲೆಲ್ಲ ಹಳದಿ. ಸಂದಿಯಲ್ಲಿ ಕೆಂಪು. ಉಗುರಿನಿಂದ ಕೆರೆದೆ, ಬರಲಿಲ್ಲ.

ಅಂದರೆ ಹುಣಸೆಹಣ್ಣಿನ ತಪ್ಪಲ್ಲ.

ಫೆಬ್ರವರಿ 26, ಬುಧವಾರ. ಶಿವರಾತ್ರಿ

ಪಲ್ಲವಿ ಬಂದಳು. ತಮ್ಮನ ಒಬ್ಬಳೇ ಮಗಳು. ಉಕ್ಕಿನ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟು. ಹಂಪಿಗೆ ಹೋಗಿ ಬರುತ್ತ ಇಳಿದಳಂತೆ, ಬಸ್ಸು ನಿಲ್ಲಲು ಜಾಗ ಇಲ್ಲದಷ್ಟು ಜನ. ಅಪ್ಪನ ಮೂಗು, ಅಪ್ಪನ ಹಾಗೇ ಮಾತಿಗೆ ಮುಂಚೆ ಕೆಮ್ಮುವುದು. ಅವಳ ಮುಖ ನೋಡದೆ ಗೋಡೆ ಗಡಿಯಾರ ನೋಡುತ್ತ ಮಾತಾಡಿದೆ.

ಡಬ್ಬಿ ಕಂಡಳು. ಯಾಕ ದೊಡ್ಡಪ್ಪ ಇನ್ನೂ ಬರದುಕೊಟ್ಟಿಲ್ಲ ಎಂದಳು. ಹೇಳಿದೆ. ಕೆಂಪಿನ ವಿಷಯ, ಗುಳ್ಳೆಯ ವಿಷಯ. ಖಾತ್ರಿ ಇಲ್ಲ ಎಂದೂ ಸೇರಿಸಿದೆ.

“ನಮ್ಮ ಲ್ಯಾಬಿನ್ಯಾಗ ಮಷಿನ್ ಐತಿ. ಕೆರಿಯಂಗಿಲ್ಲ, ಕರಗಸಂಗಿಲ್ಲ. ಮುಂದ ಹಿಡದ್ರ ಒಳಗ ಏನೇನೈತಿ ಪರ್ಸೆಂಟ್ ಬರತೈತಿ. ಮ್ಯಾನೇಜರ್ ಸರ್‌ನ ಕೇಳಿ ಮಾಡತೀನಿ. ಕೊಡ್ರಿ.”

ಬ್ಯಾಡ ಎಂದೆ. ಯಾಕೆ ಎಂದಳು. ಸಾವಿರ ವರ್ಷದ ಕಂಚಾದರೆ ತಾಮ್ರದ ಜೊತೆ ಸೀಸ, ತವರ ಇರಬೇಕು. ಸತು ಜಾಸ್ತಿ ಬಂದರೆ ಹಿತ್ತಾಳೆ, ಈಚಿನದು. ಇದನ್ನು ನಾನೇ ಅವರಪ್ಪನಿಗೆ ಎಷ್ಟೋ ಕಾರ್ಡಿನಲ್ಲಿ ಬರೆದಿದ್ದೆ, ಮಷಿನ್ ಸಿಕ್ಕರೆ ನಿನ್ನ ಬಾಯಿ ಮುಚ್ಚಿಸುತ್ತೇನೆ ಎಂದು.

ಕಾಗದದಲ್ಲಿ ಸುತ್ತಿ ಕೊಟ್ಟೆ. ಜೊತೆಗೆ ಚೀನಾದ ಒಂದನ್ನೂ ಕೊಟ್ಟೆ, ತಾಳೆಗೆ.

ಮಾರ್ಚ್ 3, ಸೋಮವಾರ. ಮಧ್ಯಾಹ್ನ

ಪಲ್ಲವಿ ಫೋನು. ಚೀನಾದ್ದರಲ್ಲಿ ತಾಮ್ರ, ಸೀಸ, ತವರ. ನಡುವಿನದರಲ್ಲಿ ತಾಮ್ರ ಬಿಟ್ಟರೆ ಪೂರಾ ಸತು. “ನಲ್ಲಿ ಹಿತ್ತಾಳಿ ಐತಲ್ಲ ದೊಡ್ಡಪ್ಪ, ಹೆಚ್ಚುಕಮ್ಮಿ ಅದಽ.”

ಅವ್ವನಿಗೆ ಹೇಳಬೇಡ, ನಾನೇ ಹೇಳುತ್ತೇನೆ ಎಂದೆ.

ಸುಳ್ಳು. ತಮ್ಮ ಹೇಳಿದ್ದೇ ಸರಿ. ಬರೆದು ಕಳಿಸಬೇಕು ಅನ್ನಿಸಿತು — ನೀನು ಗೆದ್ದೆಯಪ್ಪ, ಗದ್ದೆಯೇ, ಕಾಸಲ್ಲ. ಅನ್ನಿಸಿದ್ದಷ್ಟೇ. ಒಳಗೆ ಏನೂ ಅಲುಗಾಡಲಿಲ್ಲ. ಬಟ್ಟೆ ಒಣಗಿದ್ದವು, ತೆಗೆದು ಮಡಚಿದೆ.

ಮಾರ್ಚ್ 14, ಶುಕ್ರವಾರ. ಹೋಳಿ

ಹೊರಗೆ ಓಕುಳಿ. ಬಾಗಿಲು ಹಾಕಿಕೊಂಡು ಕೂತಿದ್ದೇನೆ.

ಪ್ರವೀಣನಿಗೆ ಕೊಡುವ ಹಾಳಿ ಎದುರಿಗಿದೆ. ‘ಈ ನಾಣ್ಯವನ್ನು ನಾನು ಪರೀಕ್ಷಿಸಿದ್ದು’ ಎಂಬಲ್ಲಿಗೆ ನಿಂತಿದೆ. ಅಸಲಿ ಎಂದು ಬರೆದರೆ ಯಾರಿಗೂ ತಿಳಿಯುವುದಿಲ್ಲ. ಪಲ್ಲವಿ ಬಾಯಿ ಬಿಡುವುದಿಲ್ಲ. ಪ್ರವೀಣನಿಗೆ ನನ್ನ ಸಹಿ ಸಾಕು. ಓಣಿಯವರು ಟೆಂಪೋದಲ್ಲಿ ಬಂದು ನೋಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಹೊಳೆಮ್ಮ ಗಾಜು ಮುಟ್ಟುತ್ತಾಳೆ. ತಮ್ಮನ ಹೆಸರು ಒಂದು ಸುಳ್ಳಿನ ಕೆಳಗೆ, ಬೆರಳುದ್ದ.

ಅವನೇ ಒಲ್ಲೆ ಎಂದು ಡಬ್ಬಿಗೆ ಎಸೆದ ಸುಳ್ಳು.

ಇಡೀ ಮಧ್ಯಾಹ್ನ ಪೆನ್ನು ಹಿಡಿದಿದ್ದೆ. ವೇಬ್ರಿಡ್ಜಿನಲ್ಲಿ ಇದ್ದಾಗ ಲಾರಿಯವರು ತೂಕ ತಿದ್ದು ಅಂತ ಗಂಟು ಬೀಳುತ್ತಿದ್ದರು. ಆಗ ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ. ಆಗುವುದಿಲ್ಲ ಅಂದರೆ ಆಯಿತು. ಈಗ ಬೈಯುವವರಿಲ್ಲ, ಹೆದರಿಸುವವರಿಲ್ಲ, ಬರೀ ಹೊಳೆಮ್ಮ.

ಮಾರ್ಚ್ 16, ಭಾನುವಾರ. ಸಂಜೆ

ಕಂಪ್ಲಿಗೆ ಹೋಗಿ ಬಂದೆ. ಒಬ್ಬನೇ.

ಹೊಳೆಮ್ಮ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಕುಂದ್ರಿ ಬಾವಾರ ಎಂದು ಕುರ್ಚಿ ತಂದಳು. ನೀರು ಕುಡಿದೆ. ಸುತ್ತಿ ಬಳಸಿ ಹೇಳಲು ಬರಲಿಲ್ಲ. ಹೇಳಿಬಿಟ್ಟೆ. ನಡುವಿನದು ಸುಳ್ಳು ಕಾಸು, ನಾನು ಮೋಸ ಹೋಗಿ ತಂದದ್ದು, ಅಸಲಿ ಎಂದು ಬರೆದುಕೊಡಲು ಬರುವುದಿಲ್ಲ.

ಮೊರ ಕೆಳಗಿಟ್ಟಳು.

“ನಾ ತೊಳದಿದ್ದಕ್ಕ ಕೆಟ್ಟೋತೇನ್ರಿ?”

ಇಲ್ಲವ್ವ, ನೀ ತೊಳದಿದ್ದಕ್ಕ ಗೊತ್ತಾತು ಎಂದೆ. ಅದು ಸಾಲಲಿಲ್ಲ ಅವಳಿಗೆ. ಉಳಿದವು ಎಂದಳು. ಅವಕ್ಕೇನೂ ಆಗಿಲ್ಲವಲ್ಲ ಎಂದಳು. ನನ್ನ ಮುಖ ನೋಡಿದಳು. ಅವಳಿಗೆ ಎಂದೂ ಸುಳ್ಳು ಹೇಳಿದವನಲ್ಲ. ಹಳೇ ಕಾಸಿಗೆ ಕಿಲುಬು ಇರಬೇಕು, ಅದೇ ಅದರ ವಯಸ್ಸು, ತೊಳೆಯಬಾರದಿತ್ತು ಎಂದೆ. ಆದಷ್ಟು ಮೆತ್ತಗೆ.

ಅಕ್ಕಿಯಲ್ಲಿ ಗುಬ್ಬಿ ಬಂದು ಕೂತಿತು, ಓಡಿಸಲಿಲ್ಲ.

“ಅವರನ್ನೂ ತೊಳದಽ ಕಳಿಸಿದ್ವಿ ಬಾವಾರ. ಗಿರಣಿ ಎಣ್ಣಿ ಉಗುರಸಂದ್ಯಾಗ ಕರ್‍ರಗ ಕುಂತಿತ್ತು. ಜೀವ ಇದ್ದಾಗ ಒಂದು ದಿನ ಬಿಡಲಿಲ್ಲ ಅದು. ಹುಣಸೆಹಣ್ಣು ಹಚ್ಚಿ ಒಂದೊಂದಽ ಉಗುರು ನಾನಽ ತಿಕ್ಕಿ ತೆಗದೆ. ಭಾಳ ದಿನದ್ದು ಅಂತ ಹಂಗಽ ಬಿಟ್ಟು ಕಳಸಾಕ ಆಗತೈತೇನ್ರಿ?”

ಆಗಂಗಿಲ್ಲವ್ವ ಎಂದೆ.

ಆಮೇಲೆ ಅವಳೇ ಮಾತಾಡಿದಳು. ಅದು ಸುಳ್ಳೆಂದು ಅವನು ಮನೆಯಲ್ಲಿ ಕಡೆಯವರೆಗೂ ಹೇಳುತ್ತಿದ್ದನಂತೆ. ಮತ್ತೆ ನನಗೆ ಇರಬಹುದು ಎಂದು ಬರೆದನಲ್ಲ ಎಂದೆ. ಹೊಳೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

“ನಾನೂ ಕೇಳಿದೆ, ಯಾಕ ಹಂಗ ಬರದ್ರಿ ಅಂತ. ‘ಪಾಪ, ಅಣ್ಣ ರೇಡಿಯೋ ಕೊಟ್ಟು ತಂದಾನ. ಈಗ ಕೇಳಾಕ ರೇಡಿಯೋನೂ ಇಲ್ಲ. ಇದನ್ನೂ ಸುಳ್ಳು ಅಂದ್ರ ಅವಗ ಏನುಳೀತು’ ಅಂದ್ರು.”

ನಗು ಬಂತು. ಇಬ್ಬರೂ ನಕ್ಕೆವು. ನಗುತ್ತ ನಗುತ್ತ ಅವಳು ಸೆರಗು ಮುಖಕ್ಕೆ ಹಿಡಿದಳು. ಭುಜ ಅಲುಗುತ್ತಿತ್ತು. ನಾನು ಕುರ್ಚಿಯ ಕೈ ಹಿಡಿದು ಗುಬ್ಬಿಯನ್ನೇ ನೋಡುತ್ತ ಕೂತೆ. ನನ್ನದು ಆ ನಗುವಿಗೇ ನಿಂತಿತು, ಮುಂದೆ ಹೋಗಲಿಲ್ಲ.

ಹೊರಡುವಾಗ, “ಹಂಗಾರ ಹೆಸರು ಬರಂಗಿಲ್ಲ,” ಎಂದಳು. ಕೇಳಿದ್ದಲ್ಲ, ಹೇಳಿದ್ದು.

ಮಾರ್ಚ್ 18, ಮಂಗಳವಾರ

ಕಾಲೇಜಿಗೆ ಹೋಗಿದ್ದೆ. ಬಸ್ಸಿನಲ್ಲಿ ಹೊಳೆದದ್ದನ್ನು ಪ್ರವೀಣನಿಗೆ ಹೇಳಿದೆ. ಅಸಲಿ ಚೀನಾದವನ್ನು ಸಾಲಾಗಿ ಇಡು, ಅವಕ್ಕೆ ಸಹಿ ಮಾಡುತ್ತೇನೆ; ತೊಳೆದವು ಎಂದೂ ಬರೆಯುತ್ತೇನೆ. ಪಕ್ಕದಲ್ಲಿ ಈ ಸುಳ್ಳನ್ನೂ ಇಡು. ನಕಲಿ ಎಂದೇ ಚೀಟಿ ಹಾಕು.

“ನಕಲಿ ಅಂತ ಬೋರ್ಡು ಹಾಕಿ ಮ್ಯೂಸಿಯಂನ್ಯಾಗ ಯಾರು ಇಡತಾರ್ರಿ ಸರ?”

ಅಸಲಿಯನ್ನೇ ನೋಡಿದ ಹುಡುಗರು ಸುಳ್ಳನ್ನು ಹೇಗೆ ಗುರುತು ಹಿಡಿಯಬೇಕು ಎಂದೆ. ಎರಡೂ ಪಕ್ಕಪಕ್ಕ ಇದ್ದರೆ ಲೆನ್ಸು ಹಿಡಿದು ನೋಡಲಿ, ಸಂದಿಯಲ್ಲಿ ಕೆಂಪು ಎಲ್ಲಿದೆ, ಎಲ್ಲಿಲ್ಲ. ಪಲ್ಲವಿ ಮಷಿನ್ನಿನ ಹಾಳಿ ಕೊಡುತ್ತಾಳೆ, ಅದನ್ನೂ ಅಂಟಿಸು. ಪ್ರವೀಣ ಪೆನ್ನಿನಿಂದ ಟೇಬಲ್ ಬಡಿಯುತ್ತ ಯೋಚಿಸಿದ. ಆಮೇಲೆ ಪ್ರಿನ್ಸಿಪಾಲರ ರೂಮಿಗೆ ಹೋದ. ತಡವಾಗಿ ಬಂದ. ಪೂರಾ ಕಪಾಟು ಇಲ್ಲ, ಕೆಳಗಿನ ಹಲಗೆ, ಅದೂ ಅರ್ಧ, ಇನ್ನರ್ಧ ಸ್ಪೋರ್ಟ್ಸಿನ ಕಪ್ಪುಗಳು ಎಂದ.

ಪರವಾಗಿಲ್ಲ ಎಂದೆ. ಚೀಟಿ ನೀವೇ ಬರೆಯಿರಿ ಸರ, ನಿಮ್ಮ ಅಕ್ಷರ ದುಂಡಗಿದೆ ಎಂದ.

ಹೊಳೆಮ್ಮನಿಗೆ ಫೋನು ಮಾಡಿದೆ. ಹೆಸರು ಬರುತ್ತದೆ, ಯಾವ ಕಾರಣಕ್ಕೆ ಬರುತ್ತದೆ ಎಂದು ಹೇಳಿದೆ. ಬಾವಾರ, ನಿಮ್ಮ ಹೆಸರು ಕೆಡತೈತಲ್ರಿ ಅದರಿಂದ ಎಂದಳು. ಕೆಡಲಿ ಬಿಡವ್ವ, ಟೆಂಪೋ ಬಿಡಬ್ಯಾಡ ಅಂತ ಹೇಳು ಬಸಕ್ಕಗ ಎಂದೆ.

ಮಾರ್ಚ್ 20, ಗುರುವಾರ. ಬೆಳಿಗ್ಗೆ

ದಪ್ಪ ರಟ್ಟು ತಂದೆ. ಕಪ್ಪು ಇಂಕಿನ ಪೆನ್ನು. ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡು ಬರೆದೆ. ವಿರುಪಮ್ಮ ಪಕ್ಕದಲ್ಲಿ ಸೊಪ್ಪು ಸೋಸುತ್ತ ನೋಡುತ್ತಿದ್ದಳು. ಹೆಸರು ಇನ್ನೂ ದಪ್ಪ ಬರೀರಿ, ಹೊಳೆಮ್ಮಗ ದೂರಿಂದ ಕಾಣಬೇಕು ಎಂದಳು. ಇನ್ನೊಮ್ಮೆ ತಿದ್ದಿದೆ.

ಇಲ್ಲಿ ನಕಲು ಇಡುತ್ತೇನೆ.

‘ನಕಲಿ. ವಿಯೆಟ್ನಾಮಿನ ದಿನ್ ಮನೆತನದ ನಾಣ್ಯವನ್ನು ಹೋಲುವ ಈಚಿನ ಹಿತ್ತಾಳೆ ಎರಕ. ಇದನ್ನು ಅಸಲಿ ಎಂದು ಕೊಂಡವನು ಓಬಳಪ್ಪ, ಹೊಸಪೇಟೆ. ನೋಡಿದ ಕ್ಷಣವೇ ನಕಲಿ ಎಂದು ಗುರುತಿಸಿದವರು ಅವನ ತಮ್ಮ, ಅಕ್ಕಿ ಗಿರಣಿಯ ಫಿಟರ್’

ಮುಂದಿನ ಸಾಲು ಹೆಸರು. ಹೆಸರಿನ ಕೆಳಗೆ ಹುಟ್ಟಿದ ವರ್ಷ, ಅಡ್ಡಗೆರೆ, ಇನ್ನೊಂದು ವರ್ಷ ಹಾಕಬೇಕಂತೆ, ಎಲ್ಲ ಚೀಟಿಗೂ ಹಾಗೇ ಇದೆಯಂತೆ. ಹೆಸರು ಬರೆದೆ. ಹುಟ್ಟಿದ್ದು ಬರೆದೆ, ಅವನನ್ನು ಮೊದಲ ಸಲ ನನ್ನ ತೊಡೆಯ ಮೇಲೆ ಇಟ್ಟ ವರ್ಷ ಅದು. ಗೆರೆ ಎಳೆದೆ. ಇಂಕು ಚೆನ್ನಾಗಿದೆ, ಹರಡುತ್ತಿಲ್ಲ. ಇನ್ನೊಂದು ವರ್ಷಕ್ಕೆ ಪೆನ್ನು ಇಳಿಯುತ್ತಿಲ್ಲ. ರಟ್ಟಿನ ಮೇಲೆ ಹನಿ ಬೀಳಬಾರದೆಂದು ಮುಖ ಆಚೆ ಹಿಡಿದು ಕೂತಿದ್ದೇನೆ. ವಿರುಪಮ್ಮ ಸೊಪ್ಪು ಬಿಟ್ಟು ಎದ್ದಳು.

ಪರಶುರಾಮ, ಕಂಪ್ಲಿ
1957 –